ಬಾಯಿಪಾಠ ತಪ್ಪಲ್ಲ, ಬಾಯಿ ಮುಚ್ಚಿಸುವುದು ತಪ್ಪು

ಎಸ್ಸೆಸ್ಸೆಲ್ಸಿ ಫಲಿತಾಂಶ ಪ್ರಕಟವಾದ ಮರುದಿನ ನಮ್ಮ ಪಟ್ಟಣಗಳ ವೃತ್ತಗಳಲ್ಲಿ ಫ್ಲೆಕ್ಸ್‌ಗಳು ಏಳುತ್ತವೆ. ಸಮುದಾಯದ ಟ್ರಸ್ಟ್‌ಗಳು ನಡೆಸುವ ಆಂಗ್ಲ ಮಾಧ್ಯಮ ಶಾಲೆಗಳು ಶೇ. 100 ಫಲಿತಾಂಶವನ್ನು ದೊಡ್ಡ ಅಕ್ಷರಗಳಲ್ಲಿ ಸಾರುತ್ತವೆ. ಶಅಬಾನ್ ತಿಂಗಳು ಬಂದರೆ ಹಿಫ್ಝ್ ಪೂರ್ತಿಗೊಳಿಸಿದ ಮಕ್ಕಳಿಗೆ ಸನದು ನೀಡುವ ಸಮಾರಂಭಗಳು ನಡೆಯುತ್ತವೆ. ಎರಡೂ ಸಂತೋಷದ ಸಂಗತಿಗಳೇ. ಆದರೆ ಈ ಎರಡೂ ಸಂದರ್ಭಗಳಲ್ಲಿ ಹೆತ್ತವರು ಕೇಳುವ ಪ್ರಶ್ನೆ ಒಂದೇ ಬಗೆಯದು: ಎಷ್ಟು ಅಂಕ? ಎಷ್ಟು ಜುಝ್? ಮಗುವಿಗೆ ಹೇಗೆ ಕಲಿಸಲಾಗುತ್ತಿದೆ, ಕಲಿತದ್ದರಲ್ಲಿ ಎಷ್ಟು ಅದಕ್ಕೆ ಅರ್ಥವಾಗಿದೆ ಎಂದು ಆಡಳಿತ ಸಮಿತಿಯ ಸಭೆಯಲ್ಲಿ ಎದ್ದು ನಿಂತು ಕೇಳುವ ತಂದೆಯನ್ನು ಕಾಣುವುದು ಅಪರೂಪ. ತಾಯಿಗಂತೂ ಆ ಸಭೆಗೆ ಆಹ್ವಾನವೇ ಇರುವುದಿಲ್ಲ.

2006ರಲ್ಲಿ ಸಾಚಾರ್ ಸಮಿತಿಯ ವರದಿ ಬಂದ ಮೇಲೆ ಸಮುದಾಯದ ಶೈಕ್ಷಣಿಕ ಚರ್ಚೆಗೆ ಒಂದು ದಿಕ್ಕು ದೊರೆಯಿತು. ಶಾಲಾ ವಯಸ್ಸಿನ ಮುಸ್ಲಿಮ್ ಮಕ್ಕಳಲ್ಲಿ ಮದ್ರಸಗಳಲ್ಲಿ ಓದುವವರು ಶೇ. 3ರಷ್ಟು ಮಾತ್ರ ಎಂದು ಆ ವರದಿ ತೋರಿಸಿಕೊಟ್ಟಿತು. ಮುಸ್ಲಿಮರ ಶಿಕ್ಷಣವೆಂದರೆ ಮದ್ರಸ ಎಂಬ ಕಟ್ಟುಕತೆ ಅಲ್ಲಿಗೆ ಮುರಿದು ಬೀಳಬೇಕಿತ್ತು. ಬೆಳಗ್ಗೆಯೋ ಸಂಜೆಯೋ ಒಂದೆರಡು ಗಂಟೆ ಮೊಹಲ್ಲಾದ ಮಕ್ತಬಿಗೆ ಹೋಗಿ, ಉಳಿದ ಹೊತ್ತು ಶಾಲೆಯಲ್ಲಿರುವ ಮಕ್ಕಳೇ ನಮ್ಮಲ್ಲಿ ಹೆಚ್ಚು. ಅಂದಿನಿಂದ ನಮ್ಮ ಬೇಡಿಕೆಗಳೆಲ್ಲ ಶಾಲೆಯ ಬಾಗಿಲಿಗೆ ಸಂಬಂಧಿಸಿದವು. ಮೀಸಲಾತಿ, ಹಾಸ್ಟೆಲ್, ವಿದ್ಯಾರ್ಥಿವೇತನ. ಒಂದರಿಂದ ಎಂಟನೇ ತರಗತಿವರೆಗಿನ ಅಲ್ಪಸಂಖ್ಯಾತ ಮಕ್ಕಳ ಪ್ರಿ-ಮೆಟ್ರಿಕ್ ವಿದ್ಯಾರ್ಥಿವೇತನವನ್ನು ಕೇಂದ್ರ ಸರಕಾರ 2022ರಲ್ಲಿ ನಿಲ್ಲಿಸಿದಾಗ ನಾವು ಪ್ರತಿಭಟಿಸಿದೆವು, ಪ್ರತಿಭಟಿಸಲೇಬೇಕಿತ್ತು. ಆದರೆ ಬಾಗಿಲು ದಾಟಿ ಒಳಗೆ ಹೋದ ಮಗುವಿಗೆ ಅಲ್ಲಿ ಏನಾಗುತ್ತಿದೆ? ಆ ಕೋಣೆಯ ಕೀಲಿಕೈ ದಿಲ್ಲಿಯಲ್ಲಿಲ್ಲ, ಬೆಂಗಳೂರಿನಲ್ಲೂ ಇಲ್ಲ. ಅದು ನಮ್ಮದೇ ಸಮಿತಿಗಳ ಕಿಸೆಯಲ್ಲಿದೆ.

ಮನುಷ್ಯ ಹೇಗೆ ಕಲಿಯುತ್ತಾನೆ ಎಂಬುದರ ಬಗ್ಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಸಾಕಷ್ಟು ಸಂಶೋಧನೆ ನಡೆದಿದೆ. ಬಿ.ಎ. ಓದುವಾಗ ಮನಶ್ಶಾಸ್ತ್ರದ ಪಠ್ಯದಲ್ಲಿ ನಮಗೂ ಒಂದು ಅಧ್ಯಾಯವಿತ್ತು. ಪಾವ್ಲೋವ್‌ನ ನಾಯಿ, ಥಾರ್ನ್‌ಡೈಕ್‌ನ ಬೆಕ್ಕು, ಸ್ಕಿನ್ನರ್‌ನ ಪಾರಿವಾಳ, ಕೋಹ್ಲರ್‌ನ ಚಿಂಪಾಂಜಿ. ಕಲಿಯುವವನು ತಾನೇ ಮಾಡಿ ನೋಡಿದಾಗಲೇ ಕಲಿಕೆ ಗಟ್ಟಿಯಾಗುತ್ತದೆ ಎಂಬ ತತ್ವವನ್ನು ಉಪನ್ಯಾಸಕರು ನಿಧಾನವಾಗಿ ಬರೆಸಿದರು, ನಾವು ತಲೆ ಬಗ್ಗಿಸಿ ಬರೆದುಕೊಂಡೆವು, ಪರೀಕ್ಷೆಯಲ್ಲಿ ಹಾಗೆಯೇ ಬರೆದು ಮರೆತೆವು. ಬಿ.ಎಡ್. ತರಗತಿಗಳಲ್ಲೂ ಪರಿಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿಲ್ಲ ಎಂದು ಶಿಕ್ಷಕ ಮಿತ್ರರು ಹೇಳುತ್ತಾರೆ. ಹೀಗಾಗಿ ಕಲಿಕೆಯ ಸಿದ್ಧಾಂತ ಎಂದರೆ ಪಾಶ್ಚಾತ್ಯ ವಿದ್ವಾಂಸರ ಹೆಸರುಗಳ ಪಟ್ಟಿ, ಅದಕ್ಕೂ ಮಕ್ತಬಿನ ಚಾಪೆಗೂ ಏನು ಸಂಬಂಧ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸಂಬಂಧವಿದೆ. ಅದು ನಾವು ಭಾವಿಸಿದ್ದಕ್ಕಿಂತ ಹತ್ತಿರದ್ದು.

ಆಧುನಿಕ ಶಿಕ್ಷಣದ ವಕೀಲರು ಮದ್ರಸಗಳ ಮೇಲೆ ಹೊರಿಸುವ ಮೊದಲ ಆರೋಪ ಬಾಯಿಪಾಠದ್ದು. ಇದರಲ್ಲಿ ಅರ್ಧ ಸತ್ಯ, ಇನ್ನರ್ಧ ಅಜ್ಞಾನ. ಜರ್ಮನಿಯ ಎಬ್ಬಿಂಗ್‌ಹಾಸ್ ಎಂಬ ವಿದ್ವಾಂಸ ಅರ್ಥವಿಲ್ಲದ ಅಕ್ಷರ ಗುಂಪುಗಳನ್ನು ತಾನೇ ಕಂಠಸ್ಥ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುತ್ತದೆ ಎಂದು ಅಳೆದು, 1885ರಲ್ಲಿ ಆ ಲೆಕ್ಕವನ್ನು ಪ್ರಕಟಿಸಿದ. ಕಲಿತದ್ದು ಮೊದಲ ಕೆಲವೇ ಗಂಟೆಗಳಲ್ಲಿ ಬಹುಪಾಲು ಸೋರಿಹೋಗುತ್ತದೆ. ಒಂದೇ ದಿನ ಕುಳಿತು ಹತ್ತಾರು ಬಾರಿ ಓದುವುದಕ್ಕಿಂತ ಅದೇ ಓದನ್ನು ಹಲವು ದಿನಗಳಿಗೆ ಹಂಚಿದರೆ ಹೆಚ್ಚು ಉಳಿಯುತ್ತದೆ ಎಂಬುದು ಆತ ಕಂಡುಕೊಂಡ ಸಂಗತಿ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಇನ್ನೊಂದು ಅಂಶವನ್ನು ಮುಂದಿಟ್ಟರು. ಒಂದು ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳನ್ನೂ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನಪಿನಿಂದ ಬರೆದ ವಿದ್ಯಾರ್ಥಿಗಳನ್ನೂ ಅವರು ಹೋಲಿಸಿದರು. ಐದು ನಿಮಿಷದ ಬಳಿಕ ಪರೀಕ್ಷಿಸಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ಬಳಿಕ ಫಲಿತಾಂಶ ತಿರುಗಿತು. ಪುಸ್ತಕ ಮುಚ್ಚಿ ನೆನಪಿಸಿಕೊಂಡವರಲ್ಲೇ ಹೆಚ್ಚು ಉಳಿದಿತ್ತು. ಸ್ವಾರಸ್ಯವೆಂದರೆ, ಮತ್ತೆ ಮತ್ತೆ ಓದಿದವರಿಗೇ ತಮಗೆ ಚೆನ್ನಾಗಿ ಬರುತ್ತದೆಂಬ ಭರವಸೆ ಹೆಚ್ಚಿತ್ತು.

ಈಗ ಹಿಫ್ಝ್ ತರಗತಿಗೆ ಬನ್ನಿ. ಅಲ್ಲಿ ಮಗು ದಿನಕ್ಕೆ ಮೂರು ಬಗೆಯ ಪಾಠ ಒಪ್ಪಿಸುತ್ತದೆ. ಇಂದಿನ ಹೊಸ ಪಾಠ ಸಬಖ್. ಕಳೆದ ಕೆಲವು ದಿನಗಳದ್ದು ಸಬ್ಖಿ. ಹಿಂದೆ ಮುಗಿಸಿದ ಜುಝ್‌ಗಳನ್ನು ಸರದಿಯಂತೆ ಓದಿ ಒಪ್ಪಿಸುವುದು ಮಂಝಿಲ್. ಮೂರನ್ನೂ ಮುಸ್‌ಹಫ್ ನೋಡದೆ ಒಪ್ಪಿಸಬೇಕು. ಓದನ್ನು ದಿನಗಳಿಗೆ ಹಂಚುವುದು, ನೋಡದೆ ನೆನಪಿಸಿಕೊಳ್ಳುವುದು ಎಂಬ ಎರಡು ತತ್ವಗಳು ಪ್ರಯೋಗಾಲಯಕ್ಕೆ ಬರುವ ಎಷ್ಟೋ ಮೊದಲೇ ಚಾಪೆಯ ಮೇಲೆ ಆಚರಣೆಯಲ್ಲಿದ್ದವು. ಇನ್ನೂ ಒಂದು ಮಾತಿದೆ. 1953ರಲ್ಲಿ ಸ್ಕಿನ್ನರ್ ತನ್ನ ಮಗಳ ನಾಲ್ಕನೇ ತರಗತಿಯ ಗಣಿತ ಪಾಠವನ್ನು ನೋಡಲು ಹೋಗಿದ್ದ. ಎಲ್ಲ ಮಕ್ಕಳೂ ಒಂದೇ ವೇಗದಲ್ಲಿ ಸಾಗಬೇಕಾಗಿರುವುದು, ಬಿಡಿಸಿದ ಲೆಕ್ಕ ಸರಿಯೋ ತಪ್ಪೋ ಎಂಬುದು ಮಗುವಿಗೆ ಕೂಡಲೇ ತಿಳಿಯದಿರುವುದು, ಈ ಎರಡು ದೋಷಗಳು ಆತನ ಕಣ್ಣಿಗೆ ಬಿದ್ದವು. ಅವುಗಳನ್ನು ನೀಗಲೆಂದೇ ಆತ ಕಲಿಕಾ ಯಂತ್ರವೊಂದನ್ನು ಮಾಡಿದ. ಹಿಫ್ಝ್ ಕೋಣೆಯಲ್ಲಿ ಈ ಎರಡೂ ದೋಷಗಳಿಲ್ಲ. ಪ್ರತಿಯೊಂದು ಮಗುವೂ ತನ್ನ ವೇಗದಲ್ಲಿ ಸಾಗುತ್ತದೆ, ತಪ್ಪಿದ ಅಕ್ಷರವನ್ನು ಉಸ್ತಾದರು ಆ ಕ್ಷಣವೇ ತಿದ್ದುತ್ತಾರೆ. ಅದೇ ಮಗು ಮಕ್ತಬ್ ಬಿಟ್ಟು ಆಂಗ್ಲ ಮಾಧ್ಯಮ ಶಾಲೆಯ ತರಗತಿಗೆ ಹೋದಾಗ ನಲುವತ್ತು ಮಂದಿಯೊಂದಿಗೆ ಹಲಗೆಯ ಮೇಲಿನ ಉತ್ತರವನ್ನು ನಕಲು ಮಾಡುತ್ತದೆ, ವಾರದ ಬಳಿಕ ಕೆಂಪು ಶಾಯಿಯ ಒಂದು ಗುರುತು ಪಡೆಯುತ್ತದೆ, ಪರೀಕ್ಷೆಯ ಮುನ್ನಾದಿನ ಗೈಡನ್ನು ಹತ್ತು ಬಾರಿ ಓದುತ್ತದೆ. ಹಾಗಾದರೆ ಯಾವುದು ಆಧುನಿಕ?

ಹಾಗಂತ ಮದ್ರಸದಲ್ಲಿ ಎಲ್ಲವೂ ಸರಿಯಿದೆಯೇ? ಖಂಡಿತ ಇಲ್ಲ. ಶಬ್ದಗಳನ್ನು ಕಾಪಾಡಲು ಹುಟ್ಟಿದ ವಿಧಾನವನ್ನು ನಾವು ಅರ್ಥವನ್ನು ಕಲಿಸಬೇಕಾದ ಕಡೆಯೂ ಬಳಸಿದೆವು. ವ್ಯಾಕರಣ, ಫಿಖ್‌ಹ್, ಗಣಿತ, ವಿಜ್ಞಾನ ಯಾವುದೂ ಒಪ್ಪಿಸುವುದರಿಂದಷ್ಟೇ ಬರುವುದಿಲ್ಲ. ವುಝೂವಿನ ಫರ್ಝ್‌ಗಳನ್ನು ಉಸಿರು ಬಿಡದೆ ಹೇಳುವ ಹುಡುಗನಿಗೆ ಕೈಗೆ ಬ್ಯಾಂಡೇಜ್ ಕಟ್ಟಿರುವಾಗ ಏನು ಮಾಡಬೇಕೆಂದು ಕೇಳಿದರೆ ಉತ್ತರವಿಲ್ಲ. ಮಗ್ಗಿ ಹೇಳುವ ಹುಡುಗಿಗೆ ಅಂಗಡಿಯಲ್ಲಿ ಚಿಲ್ಲರೆ ಎಷ್ಟು ಬರಬೇಕೆಂದು ತಿಳಿಯುವುದಿಲ್ಲ. ಎರಡೂ ಒಂದೇ ರೋಗ.

ಈ ರೋಗವನ್ನು ಇಬ್ನು ಖಲ್ದೂನ್ 1377ರಲ್ಲಿ ಬರೆದ ಮುಖದ್ದಿಮದಲ್ಲಿ ಹೆಸರಿಸಿ ಚರ್ಚಿಸಿದ್ದಾರೆ. ಮೊರೊಕ್ಕೊದ ಮದ್ರಸಗಳಲ್ಲಿ ವಿದ್ಯಾರ್ಥಿಗೆ ನಿಗದಿಯಾದ ಅವಧಿ 16 ವರ್ಷ, ಟುನಿಸ್‌ನಲ್ಲಿ 5 ವರ್ಷ ಎಂದು ಅವರು ಹೋಲಿಸುತ್ತಾರೆ. ಮೊರೊಕ್ಕೊದಲ್ಲಿ ಅಷ್ಟು ದೀರ್ಘ ಕಾಲ ಏಕೆ ಬೇಕಾಯಿತು? ಕಲಿಸುವ ಉತ್ತಮ ಕ್ರಮ ಅಲ್ಲಿ ಇಲ್ಲವಾದ್ದರಿಂದ ಎಂಬುದು ಅವರ ನಿರ್ಣಯ. ಅಲ್ಲಿನ ವಿದ್ಯಾರ್ಥಿಗಳು ಆಯುಷ್ಯದ ಬಹುಭಾಗವನ್ನು ಪಾಠದಲ್ಲಿ ಮೌನವಾಗಿ ಕುಳಿತು ಕಳೆಯುತ್ತಾರೆ, ಅಗತ್ಯಕ್ಕಿಂತ ಹೆಚ್ಚು ಕಂಠಪಾಠ ಮಾಡುತ್ತಾರೆ, ಕೊನೆಗೆ ಚರ್ಚೆಗೆ ಕುಳಿತರೆ ಅಥವಾ ಕಲಿಸಲು ನಿಂತರೆ ಅವರ ಬಳಿ ಏನೂ ಉಳಿದಿರುವುದಿಲ್ಲ ಎಂದು ಅವರು ವಿಷಾದಿಸುತ್ತಾರೆ. ವಿದ್ಯೆ ಎಂಬುದು ಅವರ ದೃಷ್ಟಿಯಲ್ಲಿ ಮಲಕ, ಅಂದರೆ ಬಡಗಿಯ ಕೈಯಲ್ಲಿರುವಂತಹ ಪಳಗಿದ ಸಾಮರ್ಥ್ಯ. ಅದು ಬರುವ ಸುಲಭ ದಾರಿ ನಾಲಿಗೆಯನ್ನು ಚರ್ಚೆಯಲ್ಲಿ ಪಳಗಿಸುವುದು. ಒಂದು ವಿಷಯವನ್ನು ಮೂರು ಸುತ್ತುಗಳಲ್ಲಿ ಕಲಿಸಬೇಕೆಂದೂ ಅವರು ಹೇಳಿದರು. ಮೊದಲ ಸುತ್ತಿನಲ್ಲಿ ಮುಖ್ಯಾಂಶಗಳ ಸ್ಥೂಲ ಪರಿಚಯ, ಎರಡನೆಯದರಲ್ಲಿ ವಿವರಣೆ ಮತ್ತು ಭಿನ್ನಾಭಿಪ್ರಾಯಗಳು, ಮೂರನೆಯದರಲ್ಲಿ ಕ್ಲಿಷ್ಟ ಅಂಶ ಯಾವುದನ್ನೂ ಬಿಡದಂತೆ. ಅಮೆರಿಕದ ಜೆರೋಮ್ ಬ್ರೂನರ್ 1960ರಲ್ಲಿ ಸುರುಳಿ ಪಠ್ಯಕ್ರಮವೆಂಬ ಹೆಸರಿನಲ್ಲಿ ಇದಕ್ಕೆ ಬಹಳ ಹತ್ತಿರದ ವಿಚಾರವನ್ನು ಮಂಡಿಸಿದಾಗ ಜಗತ್ತು ಕಿವಿಗೊಟ್ಟಿತು. ನಮ್ಮ ಮದ್ರಸಗಳ ಕಪಾಟಿನಲ್ಲಿ ಮುಖದ್ದಿಮ ಇರುತ್ತದೆ. ಅದರಲ್ಲಿ ಈ ಅಧ್ಯಾಯವೂ ಇರುತ್ತದೆ!

ಇಬ್ನು ಖಲ್ದೂನರಿಗೂ ಮೊದಲು, ಸುಮಾರು 800 ವರ್ಷಗಳ ಹಿಂದೆ, ಝರ್ನೂಜಿ ಅವರು ವಿದ್ಯಾರ್ಥಿಗಳಿಗಾಗಿ ಬರೆದ ತಅಲೀಮುಲ್ ಮುತಅಲ್ಲಿಮ್ ಎಂಬ ಚಿಕ್ಕ ಗ್ರಂಥ ಇಂದಿಗೂ ಅನೇಕ ಮದ್ರಸಗಳಲ್ಲಿ ಪಾಠವಾಗುತ್ತದೆ. ಆರಂಭದ ಪಾಠವು ಎರಡು ಬಾರಿ ಹೇಳಿದರೆ ನಿಲ್ಲುವಷ್ಟೇ ಇರಲಿ, ಬಳಿಕ ದಿನಕ್ಕೆ ಒಂದಿಷ್ಟು ಏರಲಿ ಎಂಬ ಸಲಹೆ ಅದರಲ್ಲಿದೆ. ಒಬ್ಬನೇ ಕುಳಿತು ತಿಂಗಳಿಡೀ ಉರುಹೊಡೆಯುವುದಕ್ಕಿಂತ ಸ್ವಲ್ಪ ಹೊತ್ತಿನ ಚರ್ಚೆ ಹೆಚ್ಚು ಫಲ ಕೊಡುತ್ತದೆ ಎಂಬ ವಿಚಾರವೂ ಇದೆ. ಆ ಗ್ರಂಥವನ್ನೇ ಉರುಹೊಡೆಸುವ ಕಡೆಗಳೂ ಇವೆ ಎಂದರೆ ನಗಬೇಕೋ ಅಳಬೇಕೋ?

ಆದರೆ ಆ ವಿಚಾರದ ಒಂದು ಜೀವಂತ ರೂಪ ದರ್ಸ್-ಎ-ನಿಝಾಮಿ ಮದ್ರಸಗಳಲ್ಲಿ ಉಳಿದಿದೆ. ಅದರ ಹೆಸರು ತಕ್ರಾರ್. ಮಗ್ರಿಬ್ ಅಥವಾ ಇಶಾ ಬಳಿಕ ಏಳೆಂಟು ವಿದ್ಯಾರ್ಥಿಗಳು ವೃತ್ತಾಕಾರವಾಗಿ ಕುಳಿತು, ಒಬ್ಬ ಆ ದಿನದ ಪಾಠವನ್ನು ಉಸ್ತಾದರಂತೆ ವಿವರಿಸುತ್ತಾನೆ, ಇತರರು ತಡೆದು ಕೇಳುತ್ತಾರೆ. ನಹ್ವ್‌ನ ಕಗ್ಗಂಟುಗಳು ನಮಗೆ ಬಿಡಿಸಿಕೊಂಡದ್ದು ಬೆಳಗಿನ ಪಾಠದಲ್ಲಲ್ಲ, ರಾತ್ರಿಯ ಆ ವೃತ್ತದಲ್ಲಿ. ಸೋವಿಯತ್ ವಿದ್ವಾಂಸ ವೈಗೋಟ್‌ಸ್ಕಿ 1934ರಲ್ಲಿ ತನ್ನ 37ನೇ ವಯಸ್ಸಿನಲ್ಲಿ ತೀರಿಕೊಳ್ಳುವ ಮುನ್ನ ಮಂಡಿಸಿದ ವಿಚಾರವೂ ಇದನ್ನೇ ಸಮರ್ಥಿಸುತ್ತದೆ. ಮಗು ಒಂಟಿಯಾಗಿ ಏನು ಮಾಡಬಲ್ಲುದು ಎಂಬುದರ ಆಚೆಗೆ, ತನಗಿಂತ ತುಸು ಹೆಚ್ಚು ಬಲ್ಲವರ ನೆರವಿನಿಂದ ಏನು ಮಾಡಬಲ್ಲುದು ಎಂಬ ವಲಯವೊಂದಿದೆ, ಕಲಿಕೆ ನಡೆಯುವುದು ಅಲ್ಲಿ ಎಂಬುದು ಆತನ ವಾದ. ಆ ನೆರವು ಕೊಡುವವನು ಉಸ್ತಾದನೇ ಆಗಬೇಕಿಲ್ಲ, ಪಕ್ಕದಲ್ಲಿ ಕುಳಿತ ಗೆಳೆಯನೂ ಆಗಬಹುದು. ದೊಡ್ಡ ಮದ್ರಸಗಳ ಈ ಪದ್ಧತಿ ನಮ್ಮ ಮಕ್ತಬುಗಳಿಗೂ ಶಾಲೆಗಳಿಗೂ ಏಕೆ ಇಳಿಯಲಿಲ್ಲ? ಅಲ್ಲಿ ಮಕ್ಕಳು ಪರಸ್ಪರ ಮಾತಾಡಿದರೆ ಅದನ್ನು ಗಲಾಟೆ ಎನ್ನುತ್ತೇವೆ.

ನಮ್ಮ ರಾಜ್ಯದ ಸರಕಾರಿ ಶಾಲೆಗಳು ಈ ವಿಷಯದಲ್ಲಿ ನಮಗಿಂತ ಮುಂದೆ ಹೋದವು. 1995ರಲ್ಲಿ ಹೆಗ್ಗಡದೇವನಕೋಟೆ ತಾಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು ಆರಂಭಿಸಿದ ನಲಿ-ಕಲಿ 2009-10ರಿಂದ ರಾಜ್ಯದಾದ್ಯಂತ ಹರಡಿತು. ಅದರಲ್ಲಿ ಮಕ್ಕಳು ಐದು ತಟ್ಟೆಗಳಲ್ಲಿ ಕೂರುತ್ತಾರೆ. ಪೂರ್ಣವಾಗಿ ಶಿಕ್ಷಕರ ನೆರವಿನಿಂದ ಕಲಿಯುವ ತಟ್ಟೆಯಿಂದ ಹಿಡಿದು, ಗೆಳೆಯರ ನೆರವಿನ ತಟ್ಟೆಗಳನ್ನು ದಾಟಿ, ತಾನಾಗಿ ಕಲಿಯುವ ತಟ್ಟೆಯವರೆಗೆ. ಪ್ರತಿ ಮಗುವೂ ಕಲಿಕಾ ಏಣಿಯನ್ನು ತನ್ನ ಹೆಜ್ಜೆಯಲ್ಲಿ ಏರುತ್ತದೆ. ಈ ಯೋಜನೆಯಲ್ಲಿ ಕೊರತೆಗಳಿಲ್ಲವೆಂದಲ್ಲ. ಮನಸ್ಸಿಲ್ಲದ ಶಿಕ್ಷಕರ ಕೈಯಲ್ಲಿ ಕಾರ್ಡುಗಳು ಧೂಳು ಹಿಡಿದ ಶಾಲೆಗಳೂ ಇವೆ. ಆದರೆ ಅಲ್ಲಿ ಕನಿಷ್ಠ ಒಂದು ವಿಚಾರವಿತ್ತು. ನಾವು ಅದನ್ನು ಆಟದ ಶಾಲೆ ಎಂದು ಹೀಗಳೆದು, ಮನೆಯಲ್ಲಿ ಬ್ಯಾರಿಯೋ ನವಾಯತಿಯೋ ದಖ್ಖನಿ ಉರ್ದುವೋ ಆಡುವ ಐದು ವರ್ಷದ ಕಂದನನ್ನು ಟೈ ಕಟ್ಟಿ ಇಂಗ್ಲಿಷ್ ಪಾಠದ ಮುಂದೆ ಕೂರಿಸಿದೆವು. ಬೆಳಗ್ಗೆ ಅರಬಿ ಲಿಪಿ, ಮಧ್ಯಾಹ್ನ ಇಂಗ್ಲಿಷ್ ಲಿಪಿ, ಎರಡರ ಅರ್ಥವನ್ನೂ ಅದರ ಸ್ವಂತ ಮಾತಿನಲ್ಲಿ ಹೇಳುವವರಿಲ್ಲ. ಅರ್ಥದ ಆಸರೆಯಿಲ್ಲದ ಮಗು ಮಾಡಬಹುದಾದ ಕೆಲಸ ಒಂದೇ: ಉರುಹೊಡೆಯುವುದು. ಇಂಗ್ಲಿಷ್ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಇಂಗ್ಲಿಷ್ ಶಾಲೆಯ ಶಿಕ್ಷಕಿ ಒಂದನೇ ತರಗತಿಯಲ್ಲಿ ಬ್ಯಾರಿಯಲ್ಲಿ ಒಂದು ಮಾತು ವಿವರಿಸಿದರೆ ಅದಕ್ಕೆ ದಂಡ ಹಾಕುವ ಶಾಲೆ ಕಲಿಕೆಯ ಮೊದಲ ಪಾಠವನ್ನೇ ಅರಿತಿಲ್ಲ.

ಬೆತ್ತದ ಬಗ್ಗೆ ಹೇಳದೆ ಈ ವಿಷಯವನ್ನು ಮುಗಿಸುವಂತಿಲ್ಲ. ಎಲುಬು ನಮಗೆ, ಮಾಂಸ ನಿಮಗೆ ಎಂದು ಹೇಳಿ ಮಗನನ್ನು ಉಸ್ತಾದರಿಗೆ ಒಪ್ಪಿಸುತ್ತಿದ್ದ ಕಾಲವೊಂದಿತ್ತು. ಅದು ಪೂರ್ತಿ ಹೋಗಿಲ್ಲ. ಹೊಡೆತವನ್ನು ಸಮರ್ಥಿಸುವವರು ಕೂಡಲೇ ಎತ್ತುವುದು ಮಕ್ಕಳ ನಮಾಝಿನ ಕುರಿತ ಹದೀಸನ್ನು. ಏಳನೇ ವಯಸ್ಸಿನಲ್ಲಿ ನಮಾಝಿಗೆ ಆದೇಶಿಸಲು, ಹತ್ತು ದಾಟಿದ ಮೇಲಷ್ಟೇ ಶಿಕ್ಷಿಸಲು ಹೇಳುವ ಆ ಹದೀಸ್, ನಡುವಿನ ಮೂರು ವರ್ಷಗಳನ್ನು ಬರೀ ಹೇಳಿಕೊಡುವುದಕ್ಕೆ ಮೀಸಲಿಟ್ಟಿದೆ. ಫುಕಹಾಗಳು ಅದಕ್ಕೂ ಗಾಯವಾಗಬಾರದು, ಮುಖಕ್ಕೆ ತಾಗಬಾರದು ಎಂಬ ಶರತ್ತುಗಳನ್ನು ಹಾಕಿದ್ದಾರೆ. ಅಲಿಫ್ ಮತ್ತು ಐನ್ ಉಚ್ಚಾರದಲ್ಲಿ ಎಡವಿದ ಆರು ವರ್ಷದ ಮಗುವಿನ ಬೆನ್ನಿಗೆ ಆ ಹದೀಸನ್ನು ತರುವವರು ಯಾವ ಅಧಿಕಾರದಿಂದ ತರುತ್ತಾರೆ? ಸ್ವತಃ ಪ್ರವಾದಿ(ಸ)ಯವರ ಕಲಿಸುವ ರೀತಿ ಹೇಗಿತ್ತು? ನಮಾಝಿನ ನಡುವೆ ತಿಳಿಯದೆ ಮಾತಾಡಿದ ಮುಆವಿಯಾ ಬಿನ್ ಹಕಮ್ ಸುಲಮಿ(ರ)ಯವರ ಸುತ್ತಲಿದ್ದವರು ಕಣ್ಣು ಬಿಟ್ಟು ನೋಡಿದರು. ನಮಾಝ್ ಮುಗಿದ ಮೇಲೆ ಪ್ರವಾದಿ(ಸ)ಯವರು ಗದರಲಿಲ್ಲ, ಹೊಡೆಯಲಿಲ್ಲ, ಬೈಯಲೂ ಇಲ್ಲ. ನಮಾಝಿನಲ್ಲಿ ಏನು ಸಲ್ಲುತ್ತದೆ, ಏನು ಸಲ್ಲದು ಎಂದು ತಿಳಿಸಿಕೊಟ್ಟರು. ಅಂತಹ ಶಿಕ್ಷಕರನ್ನು ತಾನು ಅದಕ್ಕೆ ಮೊದಲೂ ಬಳಿಕವೂ ಕಂಡಿಲ್ಲವೆಂದು ಅವರು ಸ್ಮರಿಸಿದ್ದು ಸಹೀಹ್ ಮುಸ್ಲಿಮ್‌ನಲ್ಲಿದೆ. ವಿದ್ಯಾರ್ಥಿಯನ್ನು ಸ್ವಂತ ಮಗುವಿನಂತೆ ಕಾಣಬೇಕು, ತಪ್ಪನ್ನು ಬಹಿರಂಗವಾಗಿ ಹಳಿಯದೆ ಸೂಚನೆಯಿಂದ ತಿದ್ದಬೇಕು ಎಂದು ಇಮಾಮ್ ಗಝ್ಝಾಲಿಯವರು ಇಹ್ಯಾ ಉಲೂಮಿದ್ದೀನ್‌ನಲ್ಲಿ ಶಿಕ್ಷಕರಿಗೆ ಕಟ್ಟಳೆ ಹಾಕಿದ್ದಾರೆ.

ಇಬ್ನು ಖಲ್ದೂನ್ ಇಲ್ಲಿ ಇನ್ನೂ ಆಳಕ್ಕೆ ಇಳಿಯುತ್ತಾರೆ. ಹೊಡೆತದ ನೆರಳಿನಲ್ಲಿ ಬೆಳೆದ ಮಗು ಮನಸ್ಸಿನಲ್ಲಿರುವುದನ್ನು ಮುಚ್ಚಿಡಲು, ಸುಳ್ಳು ಹೇಳಲು, ನಟಿಸಲು ಕಲಿಯುತ್ತದೆ, ಕ್ರಮೇಣ ಅದೇ ಅದರ ಸ್ವಭಾವವಾಗುತ್ತದೆ ಎನ್ನುತ್ತಾರೆ. ದಬ್ಬಾಳಿಕೆಯ ಕೆಳಗೆ ಬದುಕಿದ ಜನಾಂಗಗಳಿಗೂ ಇದೇ ಗತಿ ಎಂದು ಮುಂದುವರಿಯುತ್ತಾರೆ. ಹೊರಗೆ ತಲೆ ಎತ್ತಿ ಮಾತಾಡಬಲ್ಲ ಪೀಳಿಗೆ ಬೇಕೆಂದು ಪ್ರತಿ ವೇದಿಕೆಯಲ್ಲೂ ಭಾಷಣ ಮಾಡುವ ನಾವು ಈ ಮಾತನ್ನು ಗಂಭೀರವಾಗಿ ತೆಗೆದುಕೊಳ್ಳಬೇಕಾಗಿದೆ. ಶಿಕ್ಷೆಯಿಂದ ವರ್ತನೆ ತಾತ್ಕಾಲಿಕವಾಗಿ ಅಡಗುತ್ತದೆಯೇ ಹೊರತು ಹೊಸದೇನೂ ಕಲಿತಂತಾಗುವುದಿಲ್ಲ ಎಂದು ಸ್ಕಿನ್ನರ್ ಕೂಡಾ ಹೇಳಿದ್ದ. ಹೆದರಿದ ಮಗುವಿನ ಗಮನವೆಲ್ಲ ಬೆತ್ತದ ಮೇಲಿರುತ್ತದೆ, ಪಾಠದ ಮೇಲಲ್ಲ. ಇದಕ್ಕೆ ಸಿದ್ಧಾಂತವೂ ಬೇಕಿಲ್ಲ.

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ತಿದ್ದುಪಡಿ ಮದ್ರಸಗಳನ್ನೂ ವೇದ ಪಾಠಶಾಲೆಗಳನ್ನೂ ಕಾಯಿದೆಯ ವ್ಯಾಪ್ತಿಯಿಂದ ಹೊರಗಿಟ್ಟಿತು. 2014ರಲ್ಲಿ ಸುಪ್ರೀಮ್ ಕೋರ್ಟಿನ ಸಂವಿಧಾನ ಪೀಠವು ಅಲ್ಪಸಂಖ್ಯಾತರ ಶಾಲೆಗಳಿಗೂ ಅದು ಅನ್ವಯಿಸದು ಎಂದಿತು. ಆ ತೀರ್ಪಿನ ಬಗ್ಗೆ 2025ರಲ್ಲಿ ಇಬ್ಬರು ನ್ಯಾಯಮೂರ್ತಿಗಳ ಪೀಠ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠದ ಪರಿಶೀಲನೆಗಾಗಿ ವಿಷಯವನ್ನು ಮುಖ್ಯ ನ್ಯಾಯಮೂರ್ತಿಗಳ ಮುಂದಿಟ್ಟಿದೆ. ಸಂವಿಧಾನದ 30ನೇ ವಿಧಿ ನಮಗೆ ಕೊಟ್ಟ ಹಕ್ಕನ್ನು ಉಳಿಸಿಕೊಳ್ಳುವ ಹೋರಾಟ ನ್ಯಾಯಯುತವಾದುದು. ನಮ್ಮ ಸಂಸ್ಥೆಗಳನ್ನು ನಾವೇ ನಡೆಸುವ ಆ ಹಕ್ಕು ನಮ್ಮ ಮಕ್ಕಳನ್ನು ಹೊಡೆಯುವ ಹಕ್ಕೂ ಆಗಿದೆಯೇ? ಮಗುವಿನ ಹೊಣೆ ಹೊತ್ತ ಯಾರೇ ಅದರ ಮೇಲೆ ಹಲ್ಲೆ ನಡೆಸಿ ನೋವುಂಟು ಮಾಡಿದರೂ 2015ರ ಬಾಲನ್ಯಾಯ ಕಾಯಿದೆಯ 75ನೇ ಸೆಕ್ಷನ್‌ನಂತೆ ಅದು ಅಪರಾಧ. ಮದ್ರಸಕ್ಕೆ ಅಲ್ಲಿ ವಿನಾಯಿತಿ ಇಲ್ಲ. ನಮ್ಮ ಮದ್ರಸಗಳತ್ತ ಬೆರಳು ತೋರಿಸಲು ಕಾದಿರುವವರಿಗೆ ಅಂತಹ ಒಂದು ಪ್ರಕರಣ ಸಾಕು ಎಂಬುದೂ ನಿಜ. ಆದರೆ ಅವರ ಭಯದಿಂದ ಬೆತ್ತ ಕೆಳಗಿಡುವ ಪರಿಸ್ಥಿತಿ ಬರಬಾರದು. ಮಗುವಿನ ಮೇಲಿನ ಕರುಣೆ ಆ ಕೆಲಸವನ್ನು ಮೊದಲೇ ಮಾಡಿರಬೇಕಿತ್ತು.

ಇಷ್ಟೆಲ್ಲ ಹೇಳಿ ಉಸ್ತಾದರ ಮೇಲೆಯೇ ಭಾರ ಹೊರಿಸುವುದು ಅನ್ಯಾಯ. ಫಜ್ರ್‌ನಿಂದ ಇಶಾವರೆಗೆ ಇಮಾಮತ್, ಬಾಂಗ್, ಮಕ್ತಬ್, ಮಯ್ಯಿತ್, ಮೌಲೂದ್ ಎಲ್ಲವನ್ನೂ ನೋಡಿಕೊಳ್ಳುವ ವ್ಯಕ್ತಿಗೆ ಜಮಾಅತ್ ಕೊಡುವ ಸಂಬಳವನ್ನು ಯಾವ ಸಮಿತಿ ಸದಸ್ಯರೂ ತಮ್ಮ ಅಂಗಡಿಯ ಸೇಲ್ಸ್‌ಮ್ಯಾನ್‌ಗೆ ಕೊಡಲು ಮುಜುಗರಪಡುತ್ತಾರೆ. ಒಂದೇ ಕೋಣೆಯಲ್ಲಿ ನಾಲ್ಕು ವಯೋಮಾನದ ಅರುವತ್ತು ಮಕ್ಕಳನ್ನು ಕೂರಿಸಿದ ಮೇಲೆ ಅವರ ಕೈಗೆ ಬೆತ್ತ ಬರದೆ ಇನ್ನೇನು ಬರುತ್ತದೆ? ಅವರಿಗೆ ಯಾರೂ ಕಲಿಸುವ ಕಲೆಯನ್ನು ಕಲಿಸಿಲ್ಲ. ಆಲಿಮ್ ಪದವಿಯಲ್ಲಿ ಉಸೂಲುಲ್ ಫಿಖ್‌ಹ್ ಇದೆ, ಮನ್ತಿಖ್ ಇದೆ, ಮಕ್ಕಳಿಗೆ ಕಲಿಸುವುದು ಹೇಗೆ ಎಂಬ ಒಂದು ಪೀರಿಯಡ್ ಇರುವ ಮದ್ರಸಗಳು ವಿರಳ. ಆಂಗ್ಲ ಮಾಧ್ಯಮ ಶಾಲೆಗಳ ಶಿಕ್ಷಕಿಯರ ಸ್ಥಿತಿ ಹೆಚ್ಚು ಬೇರೆಯಲ್ಲ. ಕಟ್ಟಡಕ್ಕೆ ಗ್ರಾನೈಟ್ ಹಾಸಲು ಗಲ್ಫ್‌ನಿಂದ ದೇಣಿಗೆ ಬರುತ್ತದೆ, ಶಿಕ್ಷಕರ ತರಬೇತಿಗೆ ಎಂದರೆ ರಸೀದಿ ಪುಸ್ತಕ ತೆರೆಯುವುದಿಲ್ಲ.

ಇನ್ನೊಂದೆಡೆ ಡಿ.ಎಡ್., ಬಿ.ಎಡ್. ಮುಗಿಸಿ ಮದುವೆಯ ಬಳಿಕ ಮನೆಯಲ್ಲೇ ಇರುವ ಹೆಣ್ಣುಮಕ್ಕಳು ಪ್ರತಿ ಮೊಹಲ್ಲಾದಲ್ಲೂ ಇದ್ದಾರೆ. ಅವರಲ್ಲಿ ಇಬ್ಬರನ್ನು ಮಕ್ತಬಿನ ಚಿಕ್ಕ ಮಕ್ಕಳಿಗಾಗಿ ಗೌರವದ ವೇತನ ಕೊಟ್ಟು ಕರೆಯಬಹುದು. ಉಸ್ತಾದರೂ ಅವರೂ ವಾರಕ್ಕೊಮ್ಮೆ ಕುಳಿತು ಮುಂದಿನ ವಾರದ ಪಾಠವನ್ನು ಯೋಜಿಸಬಹುದು. ಕೊನೆಯ ಇಪ್ಪತ್ತು ನಿಮಿಷ ಮಕ್ಕಳು ಪರಸ್ಪರ ಪಾಠ ಹೇಳಿಕೊಳ್ಳುವ ಪುಟ್ಟ ತಕ್ರಾರಿಗೆ ಬಿಡಬಹುದು. ಇದಕ್ಕೆ ಸರಕಾರದ ಅನುಮತಿ ಬೇಕಿಲ್ಲ, ದೊಡ್ಡ ಹಣವೂ ಬೇಕಿಲ್ಲ. ಶವ್ವಾಲ್‌ನಲ್ಲಿ ಮದ್ರಸಗಳು ತೆರೆಯುವ ಮುನ್ನ, ಬೇಸಿಗೆ ರಜೆ ಮುಗಿದು ಶಾಲೆಗಳು ತೆರೆಯುವ ಮುನ್ನ ಸಮಿತಿಗಳ ಸಭೆಗಳು ನಡೆಯುತ್ತವೆ. ತಂದೆಯರು ಅಲ್ಲಿಗೆ ಹೋಗಬೇಕು, ತಾಯಂದಿರಿಗೂ ಕುರ್ಚಿ ಹಾಕಿಸಬೇಕು. ಲೆಕ್ಕಪತ್ರ ಮಂಡನೆಯಾದ ಬಳಿಕ, ತಿಂಗಳಿಗೊಂದು ದಿನ ತರಗತಿಯ ಹಿಂದಿನ ಬೆಂಚಿನಲ್ಲಿ ಅರ್ಧ ಗಂಟೆ ಕುಳಿತು, ಆ ಹೊತ್ತಿನಲ್ಲಿ ಎಷ್ಟು ಮಕ್ಕಳು ಬಾಯಿ ತೆರೆದು ಪ್ರಶ್ನೆ ಕೇಳಿದರೆಂದು ಎಣಿಸಲು ಹೆತ್ತವರಿಗೆ ಅವಕಾಶ ಕೊಡಿ ಎಂದು ಕೇಳಬೇಕು.